ಎಡಗೈಗೆ ಕಟ್ಟಿದ ಬೈರಾಸು

ಉಳಿ ಜಾರಿ ಬಿತ್ತು. ಎತ್ತಲು ಹೋದರೆ ಬಲಗೈ ಬರಲೇ ಇಲ್ಲ. ನನ್ನದೇ ಕೈ, ಬೇರೆ ಯಾರದೋ ಎಂಬಂತೆ ತೊಡೆಯ ಮೇಲೆ ಬಿದ್ದಿತ್ತು. ಕೂಗಲು ಬಾಯಿ ತೆರೆದರೆ ಮಾತೂ ತೊದಲಿತು. ಆಸ್ಪತ್ರೆಯಲ್ಲಿ ಲಕ್ವ ಎಂದರು. ಮಾತು ಬೇಗ ಸರಿಯಾಯಿತು, ಕೈ ಆಗಲಿಲ್ಲ.

ಕೊಪ್ಪದಲ್ಲಿ ಬಾಗಿಲು, ಕಿಟಕಿ ಆಗಬೇಕೆಂದರೆ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಆ ಕೈ ಬಿಟ್ಟರೆ ಬೇರೆ ಆಸ್ತಿಯಿಲ್ಲ. ಹಾಗಂತ ಇನ್ನೊಬ್ಬರ ದಾರಿ ಕಾಯುವ ಜಾಯಮಾನ ನನ್ನದಲ್ಲ. ಮನೆಗೆ ಬಂದವನೇ ಎಡಗೈಗೆ ಎಲ್ಲ ಕಲಿಸಿದೆ: ಗುಂಡಿ ಹಾಕುವುದು, ಗಡ್ಡ ಹೆರೆಯುವುದು, ಮೊಳೆ ಹೊಡೆಯುವುದು. ಮರವನ್ನು ಕಾಲಲ್ಲಿ ಒತ್ತಿ ಹಿಡಿದು, ಕೂರುವ ಮಣೆಯೊಂದನ್ನು ಮಾಡಿಯೇಬಿಟ್ಟೆ. ಅದನ್ನು ಚೀಲಕ್ಕೆ ಹಾಕಿಕೊಂಡು ಶೃಂಗೇರಿ ಬಸ್ಸು ಹತ್ತಿದೆ, ಅಲ್ಲಿ ನನಗೆ ವ್ಯಾಯಾಮ ಮಾಡಿಸುವ ಮೇಡಂಗೆ ತೋರಿಸಲು.

ಅವರು ಮಣೆ ನೋಡಲೇ ಇಲ್ಲ. ಬಲಗೈ ಬೆರಳು ಹಿಡಿದು, "ಇದು ಸ್ವಲ್ಪ ಅಲ್ಲಾಡ್ತದೆ. ಯಾಕೆ ಬಳಸೋದಿಲ್ಲ?" ಎಂದರು.

"ಎಡಗೈ ಎಲ್ಲಾ ಮಾಡ್ತದಲ್ಲ ಮೇಡಂ."

"ತಪ್ಪಾಗಿದ್ದೇ ಅಲ್ಲಿ. ಪೆಟ್ಟಾಗಿದ್ದು ಕೈಗಲ್ಲ, ಮಿದುಳಿಗೆ. ಬಲಗೈ ಕೆಲಸವನ್ನ ಮಿದುಳಿನ ಬೇರೆ ಭಾಗ ಕಲೀಬಹುದು, ಕೆಲಸ ಕೊಟ್ರೆ ಮಾತ್ರ. ನೀವು ಕೊಡ್ತಾನೇ ಇಲ್ಲ. ಮಿದುಳು ಆ ಕೈಯನ್ನೇ ಮರೀತಾ ಉಂಟು."

ಇಷ್ಟು ದಿನ ಹಟ ಹಿಡಿದು ದುಡಿದದ್ದು ಬಲಗೈಯನ್ನು ಕಳೆದುಕೊಳ್ಳಲಿಕ್ಕಾ?

"ಊಟವೂ ಎಡಗೈಯಲ್ಲೇ?"

"ಛೆ, ಎಡಗೈಯಲ್ಲಿ ಉಣ್ಣೋದುಂಟಾ! ಹೆಂಡ್ತಿ ತಿನ್ನಿಸ್ತಾಳೆ."

ಮೇಡಂ ನಕ್ಕರು. "ಸದ್ಯ, ಅದೊಂದಾದ್ರೂ ಉಳೀತು. ಅಲ್ಲಿಂದಲೇ ಶುರು ಮಾಡಿ. ಎಡಗೈ ಕಟ್ಟಿ ಊಟಕ್ಕೆ ಕೂರಿ."

ಮರುದಿನ ಮಧ್ಯಾಹ್ನ ಹೆಂಡತಿ ನನ್ನ ಎಡಗೈಯನ್ನು ಮೈ ಒರೆಸುವ ಬೈರಾಸಿನಿಂದ ಸೊಂಟಕ್ಕೆ ಕಟ್ಟಿದಳು.

"ಎಂತ ಮದ್ದೋ ಮಾರಾಯ್ರೆ, ಇದ್ದ ಒಂದು ಕೈಯನ್ನೂ ಕಟ್ಟಿ ಹಾಕೋದು!"

ಭುಜದಿಂದ ತಳ್ಳಿ ಬಲಗೈಯನ್ನು ತಟ್ಟೆಗೆ ತಂದೆ. ಅನ್ನ ಚೆಲ್ಲಿತು, ಸಾರು ಪಂಚೆಗೆ ಹರಿಯಿತು. ಬೆವರಿದೆ, ಮೇಡಂಗೂ ಸೇರಿಸಿ ಬೈದೆ. ತಿನ್ನಿಸಿಬಿಡು ಎನ್ನಬೇಕು, ಅಷ್ಟರಲ್ಲಿ ಬೆರಳುಗಳು ಅನ್ನದ ಸುತ್ತ ಮೆಲ್ಲಗೆ ಮುದುರಿದವು. ಹೆಬ್ಬೆರಳು ಒತ್ತಿತು. ನಾನು ದಂಗಾಗಿ ನೋಡುತ್ತಿದ್ದೆ. ಒಂದಿಷ್ಟು ಅಗುಳು ತಟ್ಟೆಯಿಂದ ಮೇಲೆದ್ದವು, ಬಾಯಿ ಮುಟ್ಟುವ ಮೊದಲೇ ಉದುರಿದವು.

"ಅಯ್ಯೋ, ಬಿತ್ತು. ಗಂಟು ಬಿಚ್ಲಾ?" ಎಂದಳು.

"ಬಿಚ್ಚಬೇಡ ಮಾರಾಯ್ತಿ," ಎಂದೆ. "ಇನ್ನೊಂದು ಸೌಟು ಅನ್ನ ಹಾಕು."