ಸೇಡಿಗಾಗಿ ಊದಿದ ಸೀಟಿ

ಹಾವಿನ ದ್ವೇಷ ಹನ್ನೆರಡು ವರುಷ ಅನ್ನುತ್ತಾರೆ. ನನ್ನದು ಎರಡೇ ವರ್ಷಕ್ಕೆ ಹೆಡೆ ಎತ್ತಿತು. ಅದು ಒಬ್ಬ ಫುಟ್‌ಬಾಲ್ ಮ್ಯಾನೇಜರ್ ಮೇಲಿನ ದ್ವೇಷ. ಅವನು ನನಗಿಂತ ಹಿರಿಯ, ಬಹುವಚನ ಕೊಡಬೇಕು. ಕೊಡುವುದಿಲ್ಲ.

ಬೋಸ್ನಿಯಾದವನು. ತನ್ನ ಊರಿನ ತಂಡದಲ್ಲಿ ಡಿಫೆಂಡರ್ ಆಗಿದ್ದನಂತೆ. ಅಲ್ಲಿ ಯುದ್ಧ ಶುರುವಾದಾಗ ಒಂದು ಚೀಲ ಹಿಡಿದು ಲಂಡನ್ನಿಗೆ ಬಂದು, ವಾರವೆಲ್ಲ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು, ಶನಿವಾರ ಸಣ್ಣಪುಟ್ಟ ಕ್ಲಬ್ಬುಗಳಿಗೆ ಆಡಿದ. ಮೊಣಕಾಲು ಕೈಕೊಟ್ಟ ಮೇಲೆ ಪರೀಕ್ಷೆ ಪಾಸು ಮಾಡಿ ಕೋಚ್ ಆದ, ಆಮೇಲೆ ಅಕ್ಸ್‌ಬ್ರಿಡ್ಜ್ ಕಡೆಯ ಒಂದು ಹೆಂಗಸರ ತಂಡಕ್ಕೆ ಮ್ಯಾನೇಜರ್. ರೆಫರಿ ಬೆನ್ನು ತಿರುಗಿಸಿದಾಗ ಎದುರಾಳಿಯ ಅಂಗಿ ಜಗ್ಗುವುದರಲ್ಲಿ ತನ್ನನ್ನು ಮೀರಿಸಿದವರಿರಲಿಲ್ಲ ಎಂದು ಹುಡುಗಿಯರಿಗೆ ನಗುತ್ತಾ ಹೇಳುತ್ತಿದ್ದ. ಇದನ್ನೆಲ್ಲ ನನ್ನ ಮಗಳು ಊಟಕ್ಕೆ ಕೂತಾಗ ವರದಿ ಮಾಡುತ್ತಿದ್ದಳು. ಹತ್ತೊಂಬತ್ತರ ಅವಳು ಆ ತಂಡದ ಡಿಫೆಂಡರ್.

ಆ ವರ್ಷದ ಕೊನೆಯ ಪಂದ್ಯಕ್ಕೆ ಮನೆಮಂದಿಯೆಲ್ಲ ಹೋದೆವು. ನಮ್ಮತ್ತೆ ಧಾರವಾಡದಿಂದ ಬಂದು ನಮ್ಮ ಜೊತೆಗೇ ಇರುವವರು, ಮೊಮ್ಮಗಳ ಆಟ ನೋಡಿದವರಲ್ಲ. ಅವರಿಗೆ ಕುರ್ಚಿ, ಕಂಬಳಿ, ಫ್ಲಾಸ್ಕಿನಲ್ಲಿ ಚಹಾ ಎಲ್ಲ ಒಯ್ದಿದ್ದೆ. ಸ್ಟ್ರಾಟ್‌ಫರ್ಡ್‌ನಿಂದ ನಾದಿನಿಯ ಸಂಸಾರವೂ ಬಂದಿತ್ತು. ಮಗಳು ಮಾತ್ರ ಕೋಟು ಹೊದ್ದು ಬೆಂಚಿನ ಮೇಲೆ ಕೂತಿದ್ದಳು.

"ಹುಡುಗೀನ್ನ ಯಾಕ ಹೊರಗ ಕುಂಡ್ರಿಸ್ಯಾರ? ಏನ್ ತಪ್ಪ ಮಾಡ್ಯಾಳ?" ಎಂದು ಅತ್ತೆ ಮೂರು ಸಲ ಕೇಳಿದರು. ಪಂದ್ಯ ಮುಗಿಯಿತು, ಅವಳು ಎದ್ದೇ ಇಲ್ಲ. ನಾನು ಹೋಗಿ ಅವನನ್ನು ಕೇಳಿದೆ. ಅವನು ನನ್ನ ಮುಖವನ್ನೂ ನೋಡದೆ ಅಭ್ಯಾಸದ ಪ್ಲಾಸ್ಟಿಕ್ ಕೋನ್‌ಗಳನ್ನು ಒಂದರೊಳಗೊಂದು ಸೇರಿಸುತ್ತಾ, "ನಿಮ್ಮ ಮಗಳು ಚೆಂಡಿಗೂ ಸಾರಿ ಹೇಳ್ತಾಳೆ. ಮನೆಯಲ್ಲಿ ಹಾಗೆ ಬೆಳೆಸಿದ್ದೀರಿ. ಡಿಫೆಂಡರ್ ಆಗೋದಿಲ್ಲ" ಎಂದ. ನಾದಿನಿ ಅದನ್ನು ಅಲ್ಲೇ ಅತ್ತೆಗೆ ಕನ್ನಡದಲ್ಲಿ ಹೇಳಿದಳು. ನಾನು ಬೆಳೆಸಿದ ರೀತಿಯ ಬಗ್ಗೆ, ನನ್ನ ಅತ್ತೆಯ ಎದುರಿಗೆ! ನನ್ನ ಮೈಯೆಲ್ಲ ಉರಿದುಹೋಯಿತು.

ಮಗಳು ತಂಡ ಬಿಟ್ಟಳು, ಎರಡು ವಾರ ಅತ್ತಳು, ಆಮೇಲೆ ಮರೆತಳು. "ಅಮ್ಮಾ, ಲೆಟ್ ಇಟ್ ಗೋ" ಎಂದಳು. ಬಿಡುವುದಕ್ಕೆ ನಾನೇನು ಅವಳೇ? ನಲವತ್ತೆಂಟನೆಯ ವಯಸ್ಸಿನಲ್ಲಿ ರೆಫರಿ ತರಬೇತಿಗೆ ಹೆಸರು ಕೊಟ್ಟೆ. ಮೈದಾನದಲ್ಲಿ ಆ ಮನುಷ್ಯ ಬಾಯಿ ಮುಚ್ಚಿಕೊಂಡು ಒಬ್ಬರ ಮಾತು ಕೇಳಲೇಬೇಕಾದರೆ ಅದು ರೆಫರಿಯದು. ವೆಂಬ್ಲಿಯ ನಮ್ಮ ಫ್ಲ್ಯಾಟಿನ ಸುತ್ತ ಬೆಳಿಗ್ಗೆ ಓಡತೊಡಗಿದೆ. "ಈ ವಯಸ್ಸಿನ್ಯಾಗ ಚಡ್ಡಿ ಹಾಕ್ಕೊಂಡು ಓಡ್ತಿ ಏನ?" ಎಂದರು ಅತ್ತೆ. ಓಡಿದೆ. ಮಕ್ಕಳ ಪಂದ್ಯ, ಮುದುಕರ ಪಂದ್ಯ, ಕೆಸರು, ಬೈಗುಳ, ಎಲ್ಲ ಮುಗಿಸಿ ಎರಡನೆಯ ವರ್ಷ ಹೆಂಗಸರ ಲೀಗಿಗೆ ಬಂದೆ. ಒಂದು ದಿನ ಲೀಗಿನವರು ಅವನ ತಂಡದ ಪಂದ್ಯಕ್ಕೆ ನನ್ನನ್ನು ಹಾಕಿದರು. ಮಗಳು ಹಿಂದೆ ಅಲ್ಲಿ ಆಡಿದ್ದು ಅವರಿಗೆ ಗೊತ್ತಿರಲಿಲ್ಲ. ತಿಳಿಸುವುದು ನನ್ನ ಕರ್ತವ್ಯ. ತಿಳಿಸಲಿಲ್ಲ.

"ಈ ಮ್ಯಾಚ್ ಸೋತರೆ ಅವರು ಕೆಳಗಿನ ಡಿವಿಷನ್‌ಗೆ. ಹಿ ವಿಲ್ ಬಿ ಸ್ಯಾಕ್ಡ್" ಎಂದು ಮಗಳು ಹೇಳಿದಾಗ ನನಗೆ ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಅವನಿಗೆ ನನ್ನ ಗುರುತು ಸಿಗಲಿಲ್ಲ. ಕೊನೆಯ ನಿಮಿಷಗಳವರೆಗೂ ಎರಡೂ ಕಡೆ ಗೋಲಿಲ್ಲ. ಆಗ ಅವನ ಗೋಲಿನ ಮುಂದೆ ಚೆಂಡು ಬಂತು. ನಾನು ಸುಸ್ತಾಗಿ ಬಹಳ ಹಿಂದಿದ್ದೆ, ಕಣ್ಣಿಗೆ ಅಡ್ಡ ಮೂರು ಬೆನ್ನು. ಕಂಡದ್ದು ಎದುರಾಳಿ ಹುಡುಗಿ ಬಿದ್ದದ್ದು ಮಾತ್ರ. ಕಣ್ಣಾರೆ ನೋಡದ ಫೌಲು ಕೊಡಬಾರದು, ತರಬೇತಿಯ ಮೊದಲ ಪಾಠ. ಸೀಟಿ ಊದಿದೆ. ಪೆನಾಲ್ಟಿ ಎಂದು ಕೈ ತೋರಿಸಿದೆ.

ಅವನ ಬೆಂಚು ಕೂಗಾಡಿತು. ನಾನು ಕೆಂಪು ಕಾರ್ಡಿನ ಮೇಲೆ ಕೈಯಿಟ್ಟು ಕಾದೆ: ಬಾ, ಒಂದು ಮಾತಾಡು, ನಿನ್ನನ್ನು ಎಲ್ಲರೆದುರು ಹೊರಗೆ ಹಾಕುತ್ತೇನೆ. ಅವನು ಕೈಕಟ್ಟಿ ನಿಂತೇ ಇದ್ದ. ತನ್ನವರಿಗೇ ಸುಮ್ಮನಿರಿ ಎಂದು ಗದರಿದ. ಗೋಲಾಯಿತು, ಅವನು ಸೋತ. ಬಂದು ವಾಡಿಕೆಯಂತೆ ಕೈಕುಲುಕಿ ಹೋದ.

ಹೊಟ್ಟೆ ತಣ್ಣಗಾಯಿತು. ಹಿಂದಿರುಗುವಾಗ ಈಲಿಂಗ್ ರೋಡಿನಲ್ಲಿ ಒಂದು ಡಬ್ಬಿ ಜಿಲೇಬಿ ಕೊಂಡೆ. "ಯಾರ ಲಗ್ನ ಐತಿ?" ಎಂದರು ಅತ್ತೆ. ವಾರದೊಳಗೆ ಅವನ ಕೆಲಸ ಹೋಯಿತು. ಇಲ್ಲದ ಫೌಲಿಗೆ ಮನುಷ್ಯನನ್ನು ಮುಳುಗಿಸಿದೆ ಎಂದು ನಾನು ಒಳಗೊಳಗೇ ಹಿಗ್ಗಿದೆ. ನಾಚಿಕೆ ಆಗಲಿಲ್ಲ, ಸುಳ್ಳೇಕೆ ಹೇಳಲಿ?

ಪ್ರತಿ ಪಂದ್ಯದ ನಂತರ ಎರಡೂ ತಂಡದ ಮ್ಯಾನೇಜರ್‌ಗಳು ರೆಫರಿಗೆ ಅಂಕ ಕೊಟ್ಟು ಕಾರಣ ಬರೆಯಬೇಕು, ಲೀಗಿನವರು ಅದನ್ನು ತಿಂಗಳ ಕೊನೆಗೆ ನಮಗೆ ಕಳಿಸುತ್ತಾರೆ. ಅವನು ನೂರಕ್ಕೆ ತೊಂಬತ್ತು ಕೊಟ್ಟಿದ್ದ. ಕೆಳಗೆ ಬರೆದಿದ್ದ: "ಪೆನಾಲ್ಟಿ ಸರಿಯಾಗಿತ್ತು. ನಮ್ಮ ಹುಡುಗಿ ಹಿಂದಿನಿಂದ ಅಂಗಿ ಜಗ್ಗಿದಳು. ನಾನು ನಿಂತಲ್ಲಿಂದ ಸ್ಪಷ್ಟವಾಗಿ ಕಂಡಿತು."

ಎರಡು ವರ್ಷ ಬೆವರು ಸುರಿಸಿ ನಾನು ಅವನಿಗೆ ಮಾಡಿದ್ದು ಇಷ್ಟು, ನ್ಯಾಯ. ಅದೂ ನನಗೆ ಕಾಣದೆ. ಮಗಳು ನನ್ನ ಹೆಗಲ ಮೇಲಿಂದ ಓದಿ, "ವಾವ್ ಅಮ್ಮಾ, ವೆಲ್ ಸೀನ್!" ಎಂದಳು.

"ಹೂಂ, ನೋಡಿದ್ದೆ" ಎಂದೆ.

ಅವನಿಗೆ ಬೇಗ ಇನ್ನೊಂದು ತಂಡ ಸಿಗಲಿ ಎಂದು ಈಗ ದಿನಾ ದೇವರಿಗೆ ಕೈ ಮುಗಿಯುತ್ತೇನೆ. ನನ್ನ ಸೇಡು ಇನ್ನೂ ತೀರಿಲ್ಲ.