ಮಾತು ಮುಗಿದ ಮೇಲೆ ಬೀಳುವ ಸಾಲು

ನಾಲ್ಕೂ ಮುಕ್ಕಾಲಿಗೆ ಎದ್ದು ನಲ್ಲಿಯ ಕೆಳಗೆ ಬಕೆಟ್ ಇಡುವುದು. ಅದು ತುಂಬುವಷ್ಟರಲ್ಲಿ ಹಾಲು ಒಲೆಯ ಮೇಲೆ, ಹಾಲು ಉಕ್ಕುವಷ್ಟರಲ್ಲಿ ತರಕಾರಿ ಹೆಚ್ಚಿ ಮುಗಿದಿರಬೇಕು. ಅತ್ತೆಯ ಎರಡು ಮಾತ್ರೆ: ಬಿಳಿಯದು ಖಾಲಿ ಹೊಟ್ಟೆಗೆ, ಹಳದಿಯದು ಅರ್ಧ ಗಂಟೆ ಬಿಟ್ಟು. ಮಗಳ ಸಮವಸ್ತ್ರಕ್ಕೆ ಇಸ್ತ್ರಿ, ಇಸ್ತ್ರಿ ಮಾಡುವಾಗ ಕಣ್ಣಿಗೆ ಬೀಳುವ ಕಿತ್ತ ಗುಂಡಿ. ನಾಲ್ಕು ಡಬ್ಬಿ, ಮೂರೇ ಸಿಗುವ ಮುಚ್ಚಳ. ನೆನೆಹಾಕಿದ ಬಟ್ಟೆ ಹಿಂಡಿ ಹರವುವುದು. ಕಸದ ಬುಟ್ಟಿ ಹೊರಗೆ. ಗಂಡನ ಕನ್ನಡಕ ಎಲ್ಲಿದೆಯೆಂದು ನೋಡಿಟ್ಟುಕೊಳ್ಳುವುದು, ಏಕೆಂದರೆ ಆರು ಗಂಟೆಗೆ ಅವನು ಅದನ್ನು ಕೇಳುತ್ತಾನೆ. ಇಷ್ಟರ ನಡುವೆ ಐದೂವರೆಗೆ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೊಬೈಲಿನಲ್ಲಿ ಒಂದು ಸಲ ಆಫೀಸಿನ ಪಟ್ಟಿ ತೆರೆಯುವುದು: ರಾತ್ರಿಪಾಳಿಯ ಕರೆಗಳ ಸಾಲುಗಳು ಬೀಳುತ್ತಿವೆಯೆ?

ಬೀಳುತ್ತಿದ್ದರೆ ಅವಳಿಗೆ ಅಲ್ಲಿಂದಲೇ ಬೆಳಗಾದಂತೆ.

ಅವಳ ಆಫೀಸೆಂದರೆ ನಗರದ ನೀರು ಸರಬರಾಜಿನ ದೂರು ವಿಭಾಗ. ಒಂದು ಉದ್ದನೆಯ ಹಾಲ್, ಅದರಲ್ಲಿ ಹತ್ತು ಸೀಟು, ಹತ್ತು ಫೋನು, ಹತ್ತು ಜನ ಹೆಂಗಸರು. ಪೈಪ್ ಒಡೆದವರು, ನೀರು ಬಾರದವರು, ಬಂದ ನೀರು ಕೆಂಪಗಿದೆ ಎನ್ನುವವರು ಇವರಿಗೆ ಕರೆ ಮಾಡುತ್ತಾರೆ. ಅವಳು ಕೂರುವುದು ಆ ಹಾಲಿನಲ್ಲಲ್ಲ, ಕಾರಿಡಾರಿನ ಕೊನೆಯ ಕೋಣೆಯಲ್ಲಿ. ಅಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಪೆಟ್ಟಿಗೆಯಿದೆ. ಪ್ರತಿ ಕರೆಗೂ ಅದು ಒಂದು ಸಾಲು ಉಗುಳುತ್ತದೆ: ತಾರೀಕು, ಕರೆ ಬಂದ ಹೊತ್ತು, ಎತ್ತಿದ ಸೀಟು, ಕರೆದವರ ನಂಬರು, ಮಾತಾಡಿದ ಸೆಕೆಂಡುಗಳು. ಆ ಸಾಲುಗಳನ್ನು ಒಂದೂ ಬಿಡದೆ ಡೇಟಾಬೇಸಿಗೆ ಸೇರಿಸುವುದು ಅವಳ ಕೆಲಸ. ಕರೆಗಳ ಲಾಗ್ ನೋಡಿಕೊಳ್ಳುವವಳಾದ್ದರಿಂದ ಆಫೀಸಿನಲ್ಲಿ ಅವಳ ಹೆಸರು ಲಾಗಕ್ಕ. "ಎಲ್ಲಿ, ಒಂದು ಲಾಗ ಹಾಕಿ ನೋಡೋಣ" ಎಂದು ಹೊಸದಾಗಿ ಸೇರಿದವರೆಲ್ಲ ಒಮ್ಮೆಯಾದರೂ ಕೇಳಿರುತ್ತಾರೆ. "ಮನೇಲಿ ಬೆಳಿಗ್ಗೆನೇ ಹಾಕಿ ಬಂದಿದೀನಿ" ಎಂಬುದು ಅವಳ ಸಿದ್ಧ ಉತ್ತರ.

ಮೊದಲು ಈ ಸಾಲುಗಳೆಲ್ಲ ಇಡೀ ದಿನ ಒಂದು ಫೈಲಿನಲ್ಲಿ ಗುಡ್ಡೆ ಬೀಳುತ್ತಿದ್ದವು. ಮಾರನೆಯ ಬೆಳಿಗ್ಗೆ ಅವನ್ನು ಒಟ್ಟಿಗೆ ಸುರಿಯಬೇಕು. ನಡುವೆ ಎಲ್ಲಾದರೂ ಕರೆಂಟು ಕಣ್ಣು ಮಿಟುಕಿಸಿ ಒಂದು ಸಾಲು ಅರ್ಧಕ್ಕೆ ತುಂಡಾಗಿದ್ದರೆ ಅಲ್ಲಿಗೇ ಎಲ್ಲ ನಿಂತುಹೋಗುತ್ತಿತ್ತು. ಆ ಅರ್ಧ ಸಾಲನ್ನು ಹುಡುಕುವಷ್ಟರಲ್ಲಿ ಮಧ್ಯಾಹ್ನ. ಒಂದು ದಿನ ಮನೆಯ ಸಿಂಕಿನ ಮುಂದೆ ನಿಂತು, ರಾತ್ರಿಯಿಂದ ಒಣಗಿ ಕಚ್ಚಿಕೊಂಡ ಪಾತ್ರೆಗಳನ್ನು ಉಜ್ಜುತ್ತ ಅವಳಿಗೆ ಅನ್ನಿಸಿತು: ಬಿದ್ದ ಬಿದ್ದ ಹಾಗೆ ತೊಳೆದುಬಿಟ್ಟರೆ ಗುಡ್ಡೆಯೇ ಇರುವುದಿಲ್ಲವಲ್ಲ.

ಮೂರು ತಿಂಗಳು ಊಟದ ಬಿಡುವಿನಲ್ಲಿ ಕೂತು ಒಂದು ಸಣ್ಣ ಪ್ರೋಗ್ರಾಂ ಬರೆದಳು. ಪೆಟ್ಟಿಗೆಯಿಂದ ಸಾಲು ಬಿದ್ದ ಕ್ಷಣವೇ ಅದು ಹಿಡಿದುಕೊಳ್ಳುತ್ತದೆ. ಸಾಲು ಇಡಿಯಾಗಿದ್ದರೆ ಡೇಟಾಬೇಸಿಗೆ. ತುಂಡಾಗಿದ್ದರೆ ಬೇರೆ ಕಡೆ ಎತ್ತಿಟ್ಟು ಮುಂದಿನದಕ್ಕೆ ಕೈ ಚಾಚುತ್ತದೆ. ಡೇಟಾಬೇಸ್ ಕೈಕೊಟ್ಟರೆ ಅದು ಏಳುವತನಕ ಮಡಿಲಲ್ಲಿ ಕಟ್ಟಿಕೊಂಡು ಕಾಯುತ್ತದೆ. ಬರೆದು ಹನ್ನೊಂದು ತಿಂಗಳಾಯಿತು, ಒಂದು ಸಾಲೂ ತಪ್ಪಿಲ್ಲ. ಕೆಲಸವಿಲ್ಲದಾಗಲೂ ಅವಳು ಪರದೆಯ ಮೇಲೆ ಸಾಲುಗಳು ಒಂದರ ಕೆಳಗೊಂದು ಇಳಿಯುವುದನ್ನು ನೋಡುತ್ತ ಕೂರುತ್ತಿದ್ದಳು. ತಾನು ಮಾಡಿದ್ದೊಂದು ತನ್ನ ಪಾಡಿಗೆ ತಾನು ನಡೆಯುವುದನ್ನು ಕೂತು ನೋಡುವ ಸುಖ ಮನೆಯಲ್ಲಿ ಅವಳಿಗೆ ಎಂದೂ ಸಿಕ್ಕಿರಲಿಲ್ಲ. ಅಲ್ಲಿ ಮಾಡಿದ್ದೆಲ್ಲ ಊಟದ ಹೊತ್ತಿಗೆ ಖಾಲಿ.

ಇದನ್ನು ಕಂಡ ಮೇಲೆ ಸಾಹೇಬರಿಗೆ ಆಸೆ ಹುಟ್ಟಿತು. "ಅಲ್ಲಮ್ಮ, ಸಾಲುಗಳು ಆಗಿಂದಾಗ್ಲೇ ಬರ್ತಿವೆ ಅಂದ್ಮೇಲೆ ಯಾರು ಕೆಲಸ ಮಾಡ್ತಿದಾರೆ, ಯಾರು ಸುಮ್ನೆ ಕೂತಿದಾರೆ ಅನ್ನೋದೂ ಆಗಿಂದಾಗ್ಲೇ ಗೊತ್ತಾಗ್ಬೇಕಲ್ಲ?"

"ಗೊತ್ತಾಗತ್ತೆ ಸರ್" ಎಂದಳು ಅವಳು, ಹುರುಪಿನಲ್ಲಿ. ಎರಡೇ ದಿನದಲ್ಲಿ ಬೋರ್ಡು ತಯಾರಾಯಿತು. ಸಾಹೇಬರ ಕೋಣೆಯ ಗೋಡೆಯ ಪರದೆಯ ಮೇಲೆ ಹತ್ತು ಚೌಕ, ಸೀಟಿಗೊಂದು. ಐದು ನಿಮಿಷದೊಳಗೆ ಆ ಸೀಟಿನಿಂದ ಸಾಲು ಬಿದ್ದಿದ್ದರೆ ಹಸಿರು. ಇಲ್ಲದಿದ್ದರೆ ಕೆಂಪು; ಕೆಂಪಾದಷ್ಟು ಹೊತ್ತೂ ನಿಮಿಷಕ್ಕೊಂದರಂತೆ ಆ ಸೀಟಿನ ಹೆಸರಿಗೆ 'ಖಾಲಿ ನಿಮಿಷ' ಕೂಡುತ್ತ ಹೋಗುತ್ತದೆ. ಸಾಹೇಬರು ಬೋರ್ಡಿನ ಮುಂದೆ ಟೀ ಹಿಡಿದು ನಿಂತರೆ ಕ್ರಿಕೆಟ್ ನೋಡುವವರ ಹಾಗೆ ಕಾಣುತ್ತಿದ್ದರು. ಮುಖ್ಯ ಕಚೇರಿಗೆ ಪತ್ರ ಬರೆದರು: ತಪ್ಪಿಲ್ಲದ ವ್ಯವಸ್ಥೆ, ಇದನ್ನು ಮಾಡಿದಾಕೆಯನ್ನು ಗುತ್ತಿಗೆಯಿಂದ ಕಾಯಂ ಮಾಡಬೇಕು. ನಾಲ್ಕು ವರ್ಷದಿಂದ ಕಾದಿದ್ದ ಫೈಲು ಅದರೊಂದಿಗೆ ಹೊರಟಿತು.

ಬೋರ್ಡು ಬಂದ ಹದಿನೈದನೇ ದಿನಕ್ಕೆ ಖಾಲಿ ನಿಮಿಷಗಳ ಮೊದಲ ಪಟ್ಟಿಯೂ ಮುಖ್ಯ ಕಚೇರಿಗೆ ಹೋಯಿತು. ಖಾಲಿ ನಿಮಿಷ ಅತಿ ಹೆಚ್ಚಿದ್ದದ್ದು ಏಳನೇ ಸೀಟಿನಾಕೆಗೆ. ಅವಳನ್ನು ನೆಲಮಾಳಿಗೆಯ ಮೀಟರ್ ಸ್ಟೋರಿಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ, ಹಳೆಯ ನೀರಿನ ಮೀಟರುಗಳನ್ನು ಒರೆಸಿ ಚೀಟಿ ಕಟ್ಟುವ ಕೆಲಸ. ಮೆಟ್ಟಿಲ ಬಳಿ ಒಮ್ಮೆ ಸಿಕ್ಕಾಗ ಅವಳೇ ನಕ್ಕಳು: "ನನ್ನ ಮಾತೇ ಸ್ವಲ್ಪ ಉದ್ದ ಬಿಡಿ ಲಾಗಕ್ಕ. ಮನೇಲೂ ಎಲ್ರೂ ಅದನ್ನೇ ಹೇಳೋದು."

ಈ ಶುಕ್ರವಾರ ಎರಡನೇ ಪಟ್ಟಿ ಹೋಗಬೇಕಿತ್ತು.

ಅಂದು ಬೆಳಿಗ್ಗೆ ಮನೆಯಲ್ಲಿ ಎಂದಿನ ಗದ್ದಲ. ಗಂಡ ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡುವವನು. ಒಳ್ಳೆಯವನೇ, ಕೈಯೂ ಜೋಡಿಸುತ್ತಾನೆ. ಆದರೆ ಮಾಡಿದ್ದನ್ನು ಹೇಳದೆ ಇರಲಾರ. "ನೋಡು, ಹಾಲಿನ ಪಾತ್ರೆ ತೊಳೆದಿಟ್ಟಿದೀನಿ!" ಎಂದು ಅಡುಗೆಮನೆಯಿಂದ ಕೂಗಿದ. ಎರಡು ನಿಮಿಷ ಬಿಟ್ಟು, "ಬಾತ್‌ರೂಮಿನ ಲೈಟ್ ಆರಿಸಿದೀನಿ ಕಣೇ!"

ಹಾಸಿಗೆಯ ಮೇಲೆ ಕೂತು ಹಳದಿ ಮಾತ್ರೆ ಕಾಯುತ್ತಿದ್ದ ಅತ್ತೆ ಕೇಳಿದಳು, "ಡಂಗುರ ಹೊಡೆಸೋಣ್ವೇನೋ?"

"ನೀನು ಸುಮ್ನಿರಮ್ಮ. ಕೆಲಸ ಮಾಡಿದ್ರೂ ತಪ್ಪು."

ಅತ್ತೆ ಸೊಸೆಯ ಕಡೆ ತಿರುಗಿ ದನಿ ತಗ್ಗಿಸಿದಳು. "ಅವನು ಮುಗಿಯೋ ಕೆಲಸಾನೇ ಆರಿಸ್ಕೊಳ್ತಾನೆ ನೋಡು. ಪಾತ್ರೆ ತೊಳ್ದ, ಮುಗೀತು, ಕೂಗ್ದ. ನಿಂದು ಮುಗಿದ್ರೆ ತಾನೆ ಕೂಗೋದಕ್ಕೆ? ನಿನ್ನ ಬಾಯಿಂದ ಒಂದು ಮಾತೂ ಬರಲ್ಲ, ಅದಕ್ಕೇ ನೀನೇನೂ ಮಾಡ್ತಿಲ್ಲ ಅಂದ್ಕೊಂಡಿದಾನೆ, ಪಾಪ."

"ನೀವೂ ಹಾಗೇ ಇದ್ರಂತಲ್ಲ ಅತ್ತೆ, ಬಾಯಿ ಬಿಡದೆ?"

"ಇದ್ದೆ. ಆ ಬಾಕಿನೆಲ್ಲ ಈಗ ಮಾತಾಡಿ ತೀರಿಸ್ತಿದೀನಿ."

ಅವಳು ನಗುತ್ತಲೇ ಬಸ್ ಹಿಡಿದಳು.

ಮಧ್ಯಾಹ್ನ ಎರಡೂವರೆಗೆ ನೀರಿನ ಬಾಟಲಿ ತುಂಬಿಸಲು ಹತ್ತು ಸೀಟಿನ ಹಾಲ್‌ಗೆ ಹೋದಳು. ಅವಳು ಅಲ್ಲಿಗೆ ಹೋಗುವುದು ಕಡಿಮೆ. ಮೂರನೇ ಸೀಟಿನ ಅಕ್ಕ, ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗುವವಳು, ಕುರ್ಚಿ ಬಿಟ್ಟೆದ್ದು ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು.

"ತಾತ, ಗಾಬರಿ ಆಗ್ಬೇಡಿ. ನೀರು ಮೊಣಕಾಲಿಗೆ ಬಂದಿಲ್ಲ ತಾನೆ? ಹಾಂ, ಪಾದಕ್ಕೆ ತಾನೆ. ಈಗ ಆ ಚಕ್ರ ಇದೆಯಲ್ಲ, ಅದನ್ನ ಬಲಗಡೆ ತಿರುಗಿಸಿ. ಬಲಗಡೆ. ಬರೆಯೋ ಕೈ ಕಡೆ. ಏನು, ಎಡಗೈಲಿ ಬರೀತೀರಾ? ಅಯ್ಯೋ ದೇವ್ರೇ, ಹಾಗಾದ್ರೆ ಬರೆಯದೇ ಇರೋ ಕೈ ಕಡೆ ತಿರುಗಿಸಿ!"

ಹಾಲಿನಲ್ಲಿ ಇಬ್ಬರು ಮೂವರು ಕಿಸಕ್ಕೆಂದರು. ಅಕ್ಕ ಅವರತ್ತ ಕೈ ಬೀಸಿ ಸುಮ್ಮನಿರಿಸಿದಳು. "ಬಿಗಿ ಇದೆಯಾ? ಒಂದು ಬಟ್ಟೆ ಸುತ್ತಿ ಹಿಡೀರಿ. ನಾನು ಫೋನ್ ಇಟ್ಟು ಹೋಗಲ್ಲ, ಇಲ್ಲೇ ಇರ್ತೀನಿ. ನಿಧಾನ."

ಲಾಗಕ್ಕ ಬಾಟಲಿ ತುಂಬುವವರೆಗೆ ಅಭ್ಯಾಸದಂತೆ ಮೊಬೈಲಿನಲ್ಲಿ ಬೋರ್ಡು ತೆರೆದಳು. ಮೂರನೇ ಚೌಕ ಕೆಂಪಗಿತ್ತು. ಖಾಲಿ, ಒಂಬತ್ತು ನಿಮಿಷ. ಅವಳು ತಲೆಯೆತ್ತಿ ನೋಡಿದಳು. ಅಕ್ಕ ಬೆವರು ಒರೆಸಿಕೊಳ್ಳುತ್ತ ಮಾತಾಡುತ್ತಿದ್ದಳು. ಮತ್ತೆ ಮೊಬೈಲಿಗೆ ತಲೆ ತಗ್ಗಿಸಿದಳು. ಖಾಲಿ, ಹತ್ತು ನಿಮಿಷ.

ಬಾಟಲಿ ತುಂಬಿ ನೀರು ಕೈ ಮೇಲೆ ಹರಿಯಿತು.

ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಎಕ್ಸ್‌ಚೇಂಜಿನ ಪೆಟ್ಟಿಗೆ ಸಾಲು ಉಗುಳುವುದು ರಿಸೀವರ್ ಕೆಳಗಿಟ್ಟ ಮೇಲೆ. ಮಾತು ಮುಗಿದ ಮೇಲೆ ತಾನೆ ಎಷ್ಟು ಸೆಕೆಂಡು ಎಂದು ಅದಕ್ಕೆ ತಿಳಿಯುವುದು? ಮಾತು ನಡೆಯುತ್ತಿರುವಾಗ ಪೆಟ್ಟಿಗೆ ತುಟಿ ಬಿಚ್ಚುವುದಿಲ್ಲ. ಹಳೆಯ ಕಾಲದಲ್ಲಿ, ಮಾರನೇ ದಿನ ಸುರಿಯುವಾಗ, ಎಲ್ಲ ಮಾತೂ ಮುಗಿದೇ ಇರುತ್ತಿದ್ದವು, ತಪ್ಪಿಗೆ ಜಾಗವಿರಲಿಲ್ಲ. ಬಿದ್ದ ಬಿದ್ದ ಹಾಗೆ ತೊಳೆಯಲು ಹೊರಟವಳು ಇನ್ನೂ ಕೈಯಲ್ಲಿರುವ ಪಾತ್ರೆಯನ್ನು ಮರೆತಿದ್ದಳು. ಸಾಲು ಬೀಳಲಿಲ್ಲವೆಂದರೆ ಕೆಲಸವಿಲ್ಲ ಎಂದು ಬೋರ್ಡಿಗೆ ಕಲಿಸಿದವಳು ಅವಳೇ. ಆಮೇಲೆ ಉದ್ದನೆಯ ಕರೆಯ ಸಾಲು ಬಂದರೂ, ಅಷ್ಟರಲ್ಲಿ ಕೂಡಿಬಿಟ್ಟ ಖಾಲಿ ನಿಮಿಷಗಳನ್ನು ಬೋರ್ಡು ಹಿಂದಕ್ಕೆ ಪಡೆಯುತ್ತಿರಲಿಲ್ಲ. ಹೆಚ್ಚು ಹೊತ್ತು ಮಾತಾಡಿದಷ್ಟೂ ಹೆಚ್ಚು ಸೋಮಾರಿ.

ಬೆಳಿಗ್ಗೆ ಅತ್ತೆ ಇದನ್ನೇ ಅಲ್ಲವೆ ಹೇಳಿದ್ದು? ಕೇಳಿ ನಕ್ಕು ಬಸ್ ಹತ್ತಿದ್ದಳಲ್ಲ, ಬುದ್ಧಿವಂತೆ!

ಕೋಣೆಗೆ ಓಡಿ ಬಂದು ಬಾಗಿಲು ಹಾಕಿಕೊಂಡಳು. ಡೇಟಾಬೇಸಿನಲ್ಲಿ ಎಲ್ಲ ಇತ್ತು. ಸಾಲುಗಳು ಸುಳ್ಳು ಹೇಳಿರಲಿಲ್ಲ, ಸುಳ್ಳು ಹೇಳಿದ್ದು ಬೋರ್ಡು. ಕರೆ ಶುರುವಾದ ಹೊತ್ತಿಗೆ ಮಾತಾಡಿದ ಸೆಕೆಂಡು ಕೂಡಿಸಿ, ಒಬ್ಬೊಬ್ಬರೂ ನಿಜಕ್ಕೂ ಸುಮ್ಮನಿದ್ದ ಹೊತ್ತನ್ನು ಹೊಸದಾಗಿ ತೆಗೆದಳು. ಮುಕ್ಕಾಲು ಗಂಟೆ ಹಿಡಿಯಿತು. ಮೂರನೇ ಸೀಟಿನ ಅಕ್ಕ ಪಟ್ಟಿಯ ತುದಿಯಿಂದ ಬುಡಕ್ಕೆ ಇಳಿದಳು: ಹಾಲಿನವರಲ್ಲೆಲ್ಲ ಅತಿ ಕಡಿಮೆ ಸುಮ್ಮನಿದ್ದವಳು ಅವಳೇ. ಉಳಿದವರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಖಾಲಿ ಕೂತವರು ಆ ಹಾಲಿನಲ್ಲಿ ಯಾರೂ ಇರಲಿಲ್ಲ.

ಸಾಹೇಬರಿಗೆ ಫೋನ್ ಮಾಡಿದಳು. ಅವರು ಮುಖ್ಯ ಕಚೇರಿಯ ಸಭೆಯಲ್ಲಿದ್ದರು.

"ಸರ್, ಪಟ್ಟೀಲಿ ಸ್ವಲ್ಪ ತಿದ್ದುಪಡಿ ಇದೆ..."

"ತಿದ್ದಮ್ಮ, ತಿದ್ದು. ಅದೆಲ್ಲ ನಿಂಗೇ ಗೊತ್ತು. ಐದು ಗಂಟೆ ಒಳಗೆ ನೀನೇ ಕಳಿಸ್ಬಿಡು. ಹಾಂ, ಇಲ್ಲಿ ನಿನ್ನ ಫೈಲಿನ ಮಾತೂ ಆಯ್ತು. ಸೋಮವಾರ ಸಹಿ ಬೀಳತ್ತೆ. ಸಿಹಿ ರೆಡಿ ಇಟ್ಕೊ!" ಎಂದು ಇಟ್ಟರು.

ಆಗ ನಾಲ್ಕು ಗಂಟೆ. ದಾರಿ ಬೆಣ್ಣೆಯಂತೆ ನುಣುಪಾಗಿತ್ತು. ತಿದ್ದಿದ ಪಟ್ಟಿ ಕಳಿಸುವುದು. ಮೂರನೇ ಅಕ್ಕ ಉಳಿಯುತ್ತಾಳೆ. ಬೋರ್ಡನ್ನು ಸದ್ದಿಲ್ಲದೆ ಸರಿ ಮಾಡುವುದು, ಯಾರೂ ಕೇಳುವುದಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಸಾಹೇಬರು. ಹೇಗೆ ಈಯಿತೆಂದು ಕೇಳಿದವರಲ್ಲ. ಸೋಮವಾರ ಸಹಿ.

ಪರದೆಯ ಮೇಲೆ ಅವಳ ಬೆರಳು ಹಿಂದಿನ ತಿಂಗಳಿಗೆ ಹೋಯಿತು. ಅದೇ ಲೆಕ್ಕವನ್ನು ಮೊದಲ ಪಟ್ಟಿಯ ಹದಿನೈದು ದಿನಕ್ಕೂ ಓಡಿಸಿದಳು. ಏಳನೇ ಸೀಟಿನ ಸಾಲುಗಳು ಬಂದವು: ಹದಿನೆಂಟು ನಿಮಿಷ, ಇಪ್ಪತ್ತಾರು ನಿಮಿಷ, ಮೂವತ್ತೊಂದು. ಒಂದೇ ನಂಬರಿನಿಂದ ಒಂದೇ ಮಧ್ಯಾಹ್ನ ನಾಲ್ಕು ಸಲ. ನಾಲ್ಕನೆಯದು ಮೂರೇ ಸೆಕೆಂಡು. ನೀರು ಬಂತು ಎಂದು ಹೇಳಲು ಮಾಡಿದ್ದಿರಬೇಕು.

ಆ ಹೆಂಗಸು ಎರಡು ಮಹಡಿ ಕೆಳಗೆ ಮೀಟರ್ ಒರೆಸುತ್ತ, ತನ್ನ ಮಾತು ಉದ್ದವೆಂದು ನಂಬಿ ಕೂತಿದ್ದಳು.

ಗಂಡನಿಗೆ ಫೋನ್ ಮಾಡಲೆಂದು ಮೊಬೈಲ್ ಎತ್ತಿಕೊಂಡಳು. ಅವನೇನೆನ್ನುತ್ತಾನೆಂದು ಗೊತ್ತಿತ್ತು: "ಸೋಮವಾರ ಆಗ್ಲಿ ಬಿಡೇ. ಸಹಿ ಬಿದ್ಮೇಲೆ ಹೇಳಿದ್ರಾಯ್ತು." ಅದು ಕೆಟ್ಟ ಮಾತೂ ಅಲ್ಲ. ಅತ್ತೆಗೆ ಮಾಡಿದರೆ ಆಕೆ ಬೇರೆಯದನ್ನು ಹೇಳುತ್ತಾಳೆ, ಅದೂ ಗೊತ್ತಿತ್ತು. ಇಬ್ಬರಲ್ಲಿ ಯಾರ ಮಾತು ಕೇಳಿದರೂ ನಾಳೆ ಅವರ ಮೇಲೆ ಹೊರೆ ಹಾಕಿದಂತಾಗುತ್ತದೆ ಅನ್ನಿಸಿತು. ಮೊಬೈಲನ್ನು ಕವುಚಿ ಹಾಕಿದಳು.

ಪತ್ರಕ್ಕೆ ಎರಡು ಪಟ್ಟಿಗಳನ್ನು ಜೋಡಿಸಿದಳು, ಈ ತಿಂಗಳದ್ದು ಮತ್ತು ಹೋದ ತಿಂಗಳದ್ದು. ಮೇಲೆ ಬರೆದಳು: "ಬೋರ್ಡು ತೋರಿಸುವ ಖಾಲಿ ನಿಮಿಷಗಳು ಮೊದಲ ದಿನದಿಂದಲೂ ತಪ್ಪು. ಫೋನಿನಲ್ಲಿ ಮಾತಾಡುತ್ತಿರುವವರನ್ನು ಅದು ಸುಮ್ಮನೆ ಕೂತವರೆಂದು ಎಣಿಸುತ್ತದೆ. ಬೋರ್ಡು ಮಾಡಿದವಳು ನಾನು, ತಪ್ಪೂ ನನ್ನದು. ಏಳನೇ ಸೀಟಿನವರನ್ನು ಸ್ಟೋರಿಗೆ ಕಳಿಸಿದ್ದು ಈ ತಪ್ಪು ಪಟ್ಟಿಯನ್ನು ನಂಬಿ. ದಯವಿಟ್ಟು ಅವರನ್ನು ಅವರ ಸೀಟಿಗೆ ಕರೆಯಬೇಕು."

'ದಯವಿಟ್ಟು' ಅನ್ನು ಅಳಿಸಿದಳು. ಸಾಹೇಬರಿಗೆ, ಮುಖ್ಯ ಕಚೇರಿಗೆ, ಎರಡೂ ಕಡೆ ಹೋಗುವಂತೆ ವಿಳಾಸ ಹಾಕಿ ಕಳಿಸಿಬಿಟ್ಟಳು. ನಾಲ್ಕೂ ನಲವತ್ತು.

ಹಸಿವಾಗಿತ್ತು; ಮಧ್ಯಾಹ್ನದ ಡಬ್ಬಿ ಇನ್ನೂ ತೆರೆದಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡು, ಲಿಫ್ಟಿಗೆ ಕಾಯದೆ, ನೆಲಮಾಳಿಗೆಯ ಮೆಟ್ಟಿಲು ಇಳಿಯತೊಡಗಿದಳು. ಬೇರೆ ಯಾರ ಬಾಯಿಂದಲೋ ತಿಳಿಯುವ ಮೊದಲು ಏಳನೇ ಸೀಟಿನಾಕೆಗೆ ತಾನೇ ಹೇಳಬೇಕಿತ್ತು.