ಬೆಂಚಿನ ಅಡಿಯ ಗುಂಡಿ

ಬಡತನವೆಂಬುದು ಮನುಷ್ಯಕುಲವನ್ನು ಅನಾದಿಯಿಂದ ಕಾಡುತ್ತ ಬಂದ ಮಹಾಪಿಡುಗು. ಅದನ್ನು ಸಮಾಜದ ಕಣ್ಣಿಗೆ ಕಾಣುವಂತೆ ಮಾಡುವುದೇ ಅದರ ನಿವಾರಣೆಯ ಮೊದಲ ಹೆಜ್ಜೆ. ಈ ಮಾತನ್ನು ನಾನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಭಾಷಣದಲ್ಲಿ ಹೇಳಿದ್ದೇನೆ. ಮೂರೂ ಕಡೆ ಜನ ಗಂಭೀರವಾಗಿ ತಲೆದೂಗಿ, ಕಾಫಿ ಎಲ್ಲಿ ಕೊಡುತ್ತಾರೆಂದು ವಿಚಾರಿಸಿದರು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ, ಬ್ಲಾಕ್ ಆಫೀಸು, ಜೀಪು, ಯೋಜನೆ ಎಂಬ ಶಬ್ದಗಳೆಲ್ಲ ಹಳ್ಳಿಯ ಬಾಯಿಗೆ ಹೊಸದಾಗಿ ಬಂದಿದ್ದವು. ಬಡವರ ಕಷ್ಟವನ್ನು ಲೋಕಕ್ಕೆ ತಿಳಿಸಲು ಒಂದು ಸಮಿತಿಯೂ ಹುಟ್ಟಿತು. ನಾನು ಪ್ರಾಥಮಿಕ ಶಾಲೆಯ ಮಾಷ್ಟ್ರು. ಅಕ್ಷರ ದುಂಡಗಿದ್ದ ತಪ್ಪಿಗೆ ಅದರ ಕಾರ್ಯದರ್ಶಿಯಾದೆ. ನಮ್ಮ ಸಭೆಗಳಿಗೆ ಬಡವರು ಯಾರೂ ಬರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವರಿಗೆ ಕೆಲಸವಿರುತ್ತಿತ್ತು. ಮೂಡುಬಿದಿರೆಯಲ್ಲಿ ದಾರಿದ್ರ್ಯದ ಚಿತ್ರವೆಂದು ಎಲುಬು ಎದ್ದ ಒಬ್ಬ ಮನುಷ್ಯನನ್ನು ಬರೆಸಿ ತೂಗುಹಾಕಿದೆವು. ಬೆಳುವಾಯಿಯ ಒಬ್ಬ ಸಾಹುಕಾರರು ಅದು ತಮ್ಮದೇ ಚಿತ್ರವೆಂದು ಸಿಟ್ಟಾಗಿ ಚಂದಾ ನಿಲ್ಲಿಸಿದರು.

ಇಷ್ಟರಲ್ಲಿ ಸರಕಾರ ನಿಜವಾಗಿಯೂ ಒಂದು ಕೆಲಸ ಮಾಡಿತು. ಕಷ್ಟದಲ್ಲಿರುವ ಒಂದು ನೇಕಾರ ಮನೆಗೆ ಹೊಸ ಮಗ್ಗ, ನೂಲು ಸಮೇತ. ಯಾರಿಗೆಂಬುದನ್ನು ಅಧಿಕಾರಿಗಳು ಸ್ವತಃ ಮನೆ ನೋಡಿ ತೀರ್ಮಾನಿಸುತ್ತಾರಂತೆ. ನೋಡಬೇಕಾದ ಮನೆ ಎರಡೇ: ಒಂದು ಬೆಳ್ತಂಗಡಿಯ ಕಡೆಯದು, ಇನ್ನೊಂದು ನಮ್ಮ ನರಿಕೊಂಬಿನದು.

ನರಿಕೊಂಬಿನ ಮನೆಯಲ್ಲಿದ್ದವರು ಒಬ್ಬ ವಿಧವೆ. ಊರಿಗೆಲ್ಲ ಆಕೆ ಅಕ್ಕ. ಗಂಡ ತೀರಿದ ಮೇಲೂ ಆಕೆಯೇ ನೇಯ್ದು ಮನೆ ನಡೆಸುತ್ತಿದ್ದರು. ಹಿಂದಿನ ಆಟಿ ತಿಂಗಳ ನೆರೆಯಲ್ಲಿ ಹೊಳೆ ಒಳಗೆ ನುಗ್ಗಿ ಮಗ್ಗವನ್ನು ಕೊಂಡುಹೋಯಿತು. ಉಳಿದದ್ದು ನೆಲದಲ್ಲಿನ ಗುಂಡಿ ಮಾತ್ರ, ನೇಯುವಾಗ ಕಾಲು ಇಳಿಬಿಡುವ ಗುಂಡಿ. ಆಮೇಲೆ ಆಕೆ ಊರಿನ ದೊಡ್ಡ ಜಮೀನ್ದಾರರ ಗುತ್ತಿನ ಮನೆಯಲ್ಲಿ ಭತ್ತ ಕುಟ್ಟಿ ಗಂಜಿ ಕಾಣುತ್ತಿದ್ದರು. ಆ ಗುಂಡಿಯನ್ನು ಮಾತ್ರ ಮುಚ್ಚಿರಲಿಲ್ಲ. ದಿನಾ ಗುಡಿಸಿ ಚೊಕ್ಕಟವಾಗಿ ಇಟ್ಟಿದ್ದರು. ನನ್ನ ಇಡೀ ಯೋಜನೆ ಆ ಗುಂಡಿಯ ಮೇಲೆ ನಿಂತಿತ್ತು. ಭಾಷಣ ಬೇಡ, ಅಧಿಕಾರಿಗೆ ಅದನ್ನು ತೋರಿಸಿದರೆ ಸಾಕು ಎಂದುಕೊಂಡಿದ್ದೆ.

ಅಧಿಕಾರಿಯನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಂತಾಗ ನನಗೆ ಮನೆಯ ಗುರುತೇ ಹತ್ತಲಿಲ್ಲ. ಅಂಗಳ ಸಾರಿಸಿತ್ತು. ಜಗಲಿಯಲ್ಲಿ ಹಿತ್ತಾಳೆಯ ಚೆಂಬು ಥಳಥಳ ಹೊಳೆಯುತ್ತಿತ್ತು. ಅಕ್ಕ ಉಟ್ಟಿದ್ದ ಸೀರೆಯನ್ನು ನಾನು ಗುತ್ತಿನ ಅಮ್ಮನ ಮೈಮೇಲೆ ಎರಡು ಮದುವೆಗಳಲ್ಲಿ ನೋಡಿದ್ದೆ. ಆ ಅಮ್ಮನವರೂ ಅಲ್ಲೇ ನಿಂತು ಉಸ್ತುವಾರಿ ಮಾಡುತ್ತಿದ್ದರು. ಒಳಗೆ ಗುಂಡಿ ಇರಬೇಕಾದ ಜಾಗದಲ್ಲಿ ಹಲಗೆ ಹಾಸಿ, ಮೇಲೆ ಚಾಪೆ ಬಿಡಿಸಿ, ಅದರ ಮೇಲೆ ಗುತ್ತಿನ ಮನೆಯ ಬೀಟೆಯ ಬೆಂಚು ಇಟ್ಟಿದ್ದರು. ಅಧಿಕಾರಿ ಹೋಗಿ ಅದರ ಮೇಲೆಯೇ ಕೂತರು.

ನಾನು ಅಮ್ಮನವರನ್ನು ಬದಿಗೆ ಕರೆದು, ಇದೇನು ಮಾಡಿದಿರಿ ಎಂದು ಕೇಳಿದೆ.

“ಮತ್ತೆಂತ ಮಾಷ್ಟ್ರೇ? ಅಷ್ಟು ದೂರದಿಂದ ಬಂದವರನ್ನು ಹೊಂಡದಲ್ಲಿ ಕೂರಿಸುವುದಾ? ಊರಿಗೆ ಮರ್ಯಾದೆ ಬೇಡವಾ?”

ಅವರ ಮನಸ್ಸಿನಲ್ಲಿ ಸಹಾಯವಲ್ಲದೆ ಬೇರೇನೂ ಇರಲಿಲ್ಲ. ಅಕ್ಕನಿಗೆ ಒಳ್ಳೆಯದಾಗಲೆಂದು ನೆರೆಕರೆಯವರೆಲ್ಲ ಸೇರಿ, ಇದ್ದದ್ದನ್ನೆಲ್ಲ ಹೊತ್ತು ತಂದು, ಆಕೆಯ ಬಡತನವನ್ನು ಒಂದು ಬೆಳಗಿನ ಮಟ್ಟಿಗೆ ನಿರ್ಮೂಲ ಮಾಡಿಬಿಟ್ಟಿದ್ದರು. ನಮ್ಮ ಸಮಿತಿಯಿಂದ ಅಷ್ಟು ಸಭೆಗಳಲ್ಲಿ ಆಗದ ಕೆಲಸ ಅದು.

ಬೆಲ್ಲ ನೀರು ಬಂತು. ನಾನು ಗಂಟಲು ಸರಿಮಾಡಿಕೊಂಡು, “ಸಾರ್, ನೀವು ಕೂತ ಬೆಂಚಿನ ಅಡಿಯಲ್ಲಿ…” ಎಂದು ಶುರು ಮಾಡಿದೆ. ಅಷ್ಟರಲ್ಲಿ ಅವರ ಕೈಗೆ ಎಳನೀರಿನ ಬೊಂಡ ಬಂತು. ಬಾಯಿಗೆ ಕೊಟ್ಟದ್ದು ಮುಗಿಯುವ ಮೊದಲು ನೆಂಟರನ್ನು ಏಳಿಸುವುದು ನಮ್ಮಲ್ಲಿ ಇಲ್ಲ. ಬೊಂಡ ಮುಗಿಯಲೆಂದು ಕಾದೆ. ಬಾಳೆಲೆಯಲ್ಲಿ ಅವಲಕ್ಕಿ ಬಂತು. ಅವಲಕ್ಕಿಯ ಬೆನ್ನಿಗೆ ಬಾಳೆಹಣ್ಣು. ಅಧಿಕಾರಿ ಸಾಧು ಮನುಷ್ಯ, ಮೈಸೂರು ಕಡೆಯವರು. ತುಳು ಬಾರದು. ಕೈ ತೊಳೆದುಕೊಂಡು, ಕನ್ನಡದಲ್ಲಿಯೇ ಅಕ್ಕನನ್ನು ಪ್ರೀತಿಯಿಂದ ಕೇಳಿದರು: “ಏನಮ್ಮಾ, ಜೀವನ ಹೇಗೆ ನಡೀತಿದೆ? ಏನಾದ್ರೂ ತೊಂದ್ರೆ ಇದ್ರೆ ಹೇಳಿ.”

ಅಕ್ಕ ಮೂರನೆಯ ಕ್ಲಾಸಿನವರೆಗೆ ಓದಿದ್ದರು. ಸೆರಗು ಸರಿಮಾಡಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ನಿಧಾನವಾಗಿ ಹೇಳಿದರು:

“ತಮ್ಮ ದಯದಿಂದ ನಮಗೆ ಯಾವ ಕೊರತೆಯೂ ಇಲ್ಲ.”

ಗುತ್ತಿನ ಅಮ್ಮ ತೃಪ್ತಿಯಿಂದ ತಲೆಯಾಡಿಸಿದರು. ಹೊರಗೆ ಜೀಪಿನ ಹಾರ್ನು ಆಯಿತು. ಅಧಿಕಾರಿಗೆ ಬೆಳ್ತಂಗಡಿ ಮುಟ್ಟಬೇಕಿತ್ತು.

ಜೀಪಿನಲ್ಲಿ ನಾನು ಎಲ್ಲವನ್ನೂ ಹೇಳಿದೆ. ಬೆಂಚು ಅಕ್ಕನದಲ್ಲ, ಚೆಂಬು ಅಕ್ಕನದಲ್ಲ, ಸೀರೆಯೂ ಅಲ್ಲ, ಅವಲಕ್ಕಿ ಕೂಡ ಸಾಲದ್ದು. ಗುಂಡಿಯೊಂದೇ ಆಕೆಯ ಸ್ವಂತದ್ದು, ಅದರ ಮೇಲೆ ನೀವು ಕೂತಿದ್ದಿರಿ ಎಂದೆ. ಹಿಂದೆ ತಿರುಗಿ ಹೋಗುವ, ಒಮ್ಮೆ ಹಲಗೆ ಎತ್ತಿ ತೋರಿಸುತ್ತೇನೆ ಎಂದೂ ಅಂಗಲಾಚಿದೆ. ಅವರು ಸಮಾಧಾನದಿಂದ ಕೇಳಿ, ಕನ್ನಡಕ ಒರೆಸಿಕೊಂಡು ಹೇಳಿದರು:

“ಮೇಷ್ಟ್ರೇ, ಬೆಂಚು ಅವರದಲ್ಲ, ಚೆಂಬು ಅವರದಲ್ಲ, ಸೀರೆ ಅವರದಲ್ಲ. ಒಪ್ಪೋಣ. ಆ ಮಾತಾದ್ರೂ ಅವರದೇ ತಾನೆ?”

ಮಾತು ಆಕೆಯದೇ.

ಬೆಳ್ತಂಗಡಿಯ ಕಡೆಯ ಮನೆಯವನು ನಮ್ಮನ್ನು ಕಂಡು ಮಲಗಿದಲ್ಲಿಂದ ಏಳಲಿಲ್ಲ. ನೀರು ಬೇಕಾದರೆ ಬಾವಿ ಅಲ್ಲುಂಟು ಎಂದು ಕೈ ತೋರಿಸಿದ. ಅಲ್ಲಿಯೂ ಬಡತನವೇ, ಅದರಲ್ಲಿ ಸುಳ್ಳಿಲ್ಲ. ಆದರೆ ಅದನ್ನು ಹಾಗೇ ತೆರೆದಿಡಲು ಅವನಿಗೆ ನೆರೆಕರೆಯವರ ಅಡ್ಡಿ ಇರಲಿಲ್ಲ. ಅಧಿಕಾರಿ ಹೊಸ್ತಿಲಲ್ಲೇ ನಿಂತು ನಿಟ್ಟುಸಿರು ಬಿಟ್ಟರು. ನನಗೆ ಆಗಲೇ ಗೊತ್ತಾಯಿತು.

ಮರುದಿನ ನರಿಕೊಂಬಿಗೆ ಹೋದೆ. ಬೆಂಚು, ಚೆಂಬು, ಸೀರೆ ಎಲ್ಲ ತಂತಮ್ಮ ಮನೆಗೆ ಮರಳಿದ್ದವು. ಅಕ್ಕ ಗುಂಡಿಯ ಅಂಚಿನಲ್ಲಿ ಕೂತು, ಹಲಗೆಯಿಂದ ಬಿದ್ದ ಹುಡಿಯನ್ನು ಗುಡಿಸಿ ತೆಗೆಯುತ್ತಿದ್ದರು. ನನ್ನನ್ನು ಕಂಡವರೇ ಕೇಳಿದ್ದು, ಅವರಿಗೆ ಅವಲಕ್ಕಿ ಹಿಡಿಸಿತಾ ಎಂದು. ಹಿಡಿಸಿತು ಎಂದೆ. ಆಮೇಲೆ, ಮಗ್ಗ ಮಳೆಗೆ ಮೊದಲೇ ಬರಬಹುದಾ ಎಂದರು.

“ಯಾವ ಕೊರತೆಯೂ ಇಲ್ಲ ಎಂದಿರಲ್ಲ ಅಕ್ಕ,” ಎಂದೆ.

ಆಕೆಗೆ ನನ್ನ ಮಾತೇ ವಿಚಿತ್ರವಾಗಿ ಕಂಡಿತು.

“ಉಂಡವರ ಎದುರು ‘ಇಲ್ಲ’ ಅಂತ ಹೇಳಿದರೆ ಉಂಡದ್ದು ಮೈಗೆ ಹತ್ತುದುಂಟಾ ಮಾಷ್ಟ್ರೇ? ಅವರು ದೊಡ್ಡವರು. ಅಷ್ಟು ದೂರದಿಂದ ಬಂದದ್ದು ಯಾಕೆಂದು ಅವರಿಗೆ ಗೊತ್ತಿಲ್ಲವಾ?”

ನಾನು ಮುಂದಿನ ಸಭೆಯಲ್ಲಿ ಈ ವಿಷಯವೆತ್ತಿದೆ. ಸಮಿತಿ ತೀವ್ರ ವಿಷಾದ ವ್ಯಕ್ತಪಡಿಸಿತು. ಸಭೆಗೆ ಬಂದಿದ್ದ ಗುತ್ತಿನ ಅಮ್ಮ ಕಣ್ಣೊರೆಸಿಕೊಂಡು, ಬೆಂಚಿನ ಬದಲು ಕುರ್ಚಿ ಕಳಿಸಬೇಕಿತ್ತೋ ಏನೋ ಎಂದರು.

ಮಗ್ಗ ಬೆಳ್ತಂಗಡಿಗೆ ಹೋಯಿತು. ಮಳೆ ಹಿಡಿಯುವ ಮೊದಲು ಅಕ್ಕ ಗುಂಡಿಗೆ ಮಣ್ಣು ತುಂಬಿಸಿ, ಮೇಲೆ ಸಾರಿಸಿ, ಅಲ್ಲಿಯೇ ಕೂತು ಬೀಡಿ ಕಟ್ಟಲು ತೊಡಗಿದರು.